ಬಣ್ಣ ಆಮೇಲೆ, ಮೊದಲು ಜನ ಬರಲಿ

ಪ್ರಶ್ನೆ: ನಾವು ಕಲಬುರಗಿ ಹಳೆ ಊರಿನ ಒಂದು ಓಣಿಯ ಹುಡುಗ ಹುಡುಗಿಯರು. ಕೆಲವರು ಕಾಲೇಜಿನಲ್ಲಿದ್ದೇವೆ, ಕೆಲವರು ಕೆಲಸಕ್ಕೆ ಹೋಗುತ್ತೇವೆ. ಓಣಿಯ ಮೂಲೆಯಲ್ಲಿ ಒಂದು ಹಳೆ ಬಾವಿ, ಪಕ್ಕದಲ್ಲಿ ಖಾಲಿ ಜಾಗ, ಹಿಂದೆ ಉದ್ದನೆಯ ಕಾಂಪೌಂಡ್ ಗೋಡೆ ಇದೆ. ಈಗ ಅದು ಕಸ ಎಸೆಯುವ ಜಾಗ. ಗೋಡೆಗೆ ದೊಡ್ಡ ಚಿತ್ರ ಬರೆದು ಅದನ್ನು ಚೆಂದ ಮಾಡಬೇಕು ಅಂತ ಆಸೆ. ಆದರೆ ಪಕ್ಕದ ಬಡಾವಣೆಯಲ್ಲಿ ಹೀಗೇ ಬರೆದ ಚಿತ್ರ ಒಂದೇ ಮಳೆಗಾಲಕ್ಕೆ ಹಾಳಾಯಿತು. ಈಗ ಅಲ್ಲಿ ಪೋಸ್ಟರ್, ಗುಟ್ಕಾ ಕಲೆ. ಓಣಿಯ ಹಿರಿಯರು ‘ಸುಮ್ನೆ ದುಡ್ಡು ದಂಡ’ ಅಂತಾರೆ. ಅನುಮತಿ ಬೇಕಾ? ಎಲ್ಲಿಂದ ಶುರು ಮಾಡಬೇಕು? ಉಳಿಯುವ ಹಾಗೆ ಮಾಡುವುದು ಹೇಗೆ?

ಉತ್ತರ: ನಿಮ್ಮ ಪ್ರಶ್ನೆ ಓದಿ ನಿಜಕ್ಕೂ ಖುಷಿ ಆಯಿತು. ಆದರೆ ಹಿರಿಯರ ಮಾತನ್ನು ಪಕ್ಕಕ್ಕೆ ತಳ್ಳಬೇಡಿ. ಬರೀ ಚಿತ್ರ ಬರೆದು ಬಿಟ್ಟರೆ ಅವರು ಹೇಳಿದ್ದೇ ಆಗುತ್ತದೆ. ಒಂದು ಜಾಗ ಹಾಳು ಬೀಳುವುದು ಅಲ್ಲಿ ಬಣ್ಣ ಇಲ್ಲ ಅಂತಲ್ಲ. ಅಲ್ಲಿಗೆ ಯಾರಿಗೂ ಕೆಲಸ ಇಲ್ಲ ಅಂತ. ಜನ ನೀರಿಗೆ ಬರುವುದು ನಿಂತಿತು, ಬಾವಿ ಕಟ್ಟೆ ಮೇಲೆ ಕೂರುವುದು ನಿಂತಿತು, ಆಮೇಲೆ ಕಸ ಬಂತು. ಹೊಸ ಚಿತ್ರವನ್ನು ಜನ ಎರಡು ವಾರ ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಮೂರನೇ ವಾರ ಅದು ಮತ್ತೆ ಯಾರೂ ನೋಡದ ಗೋಡೆ. ಹಾಗಾಗಿ ನನ್ನ ಸಲಹೆ ಇಷ್ಟು: ಜನ ಮತ್ತೆ ಮತ್ತೆ ಬಂದು ಕೂರಲು ಮೊದಲು ಒಂದು ಕಾರಣ ಹುಟ್ಟಿಸಿ. ಬಣ್ಣದ ಡಬ್ಬಿ ಆಮೇಲೆ ತೆರೆಯಿರಿ.

ಇದು ನಮ್ಮ ಭಾಗದ ಹಳೆ ಕಟ್ಟಡಗಳಲ್ಲೇ ಕಾಣುತ್ತದೆ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯ ಇರುವುದು ಬಹಮನಿ ಕಾಲದ ಗುಮ್ಮಟಗಳಲ್ಲಿ. ಬೀದರ್ ಕೋಟೆಯ ವಸ್ತುಸಂಗ್ರಹಾಲಯ ಇರುವುದು ಹಳೆಯ ಶಾಹಿ ಹಮಾಮಿನಲ್ಲಿ, ಅಂದರೆ ಅರಮನೆಯ ಸ್ನಾನಗೃಹದಲ್ಲಿ. ದಿನಾ ಬೀಗ ತೆಗೆಯುವವರು, ಕಸ ಗುಡಿಸುವವರು, ನೋಡಲು ಬರುವವರು ಇರುವುದರಿಂದ ಆ ಕಟ್ಟಡಗಳು ನೆಟ್ಟಗಿವೆ. ಅಷ್ಟೇ ಹಳೆಯ, ಅಷ್ಟೇ ಚೆಂದದ ಎಷ್ಟೋ ಗುಮ್ಮಟಗಳು ಊರ ಸುತ್ತ ಮುಳ್ಳುಕಂಟಿ ಬೆಳೆದು ನಿಂತಿವೆ.

ಆ ಜಾಗದಲ್ಲಿ ಮೊದಲು ಏನು ನಡೆಯುತ್ತಿತ್ತು ಅಂತ ಹಿರಿಯರನ್ನೇ ಕೇಳಿ. ‘ಇಲ್ಲಿ ಚಿತ್ರ ಬರೆಯುತ್ತೇವೆ, ಪರ್ಮಿಷನ್ ಕೊಡಿ’ ಅಂತ ಹೋದರೆ ಮಾತು ಎರಡು ನಿಮಿಷಕ್ಕೆ ಮುಗಿಯುತ್ತದೆ. ‘ಅಜ್ಜಿ, ಈ ಬಾವಿ ನೀರು ಸಿಹಿ ಇತ್ತಾ? ಯಾರ ಮನೆ ಮದುವೆಗೆ ಇಲ್ಲಿ ಹಂದರ ಹಾಕಿದ್ದರು?’ ಅಂತ ಕೇಳಿ ನೋಡಿ, ಸಂಜೆ ತನಕ ಮಾತು ಬಿಡಲ್ಲ. ಮೊಹರಂನಲ್ಲಿ ಅಲಾಯಿ ಕುಣಿ (ಬೆಂಕಿ ಹಾಕಿ ಸುತ್ತ ಕುಣಿಯುವ ಗುಂಡಿ) ಎಲ್ಲಿ ತೋಡುತ್ತಿದ್ದರು, ಭಜನೆಯವರು ಎಲ್ಲಿ ಕೂರುತ್ತಿದ್ದರು, ಯಾವ ಕಟ್ಟೆ ಮೇಲೆ ಪಂಚಾಯ್ತಿ ಸೇರುತ್ತಿತ್ತು, ಎಲ್ಲ ಹೊರಗೆ ಬರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಗೋಡೆಗೆ ಬೇಕಾದ ವಿಷಯ ಇದರಲ್ಲೇ ಸಿಗುತ್ತದೆ. ಇದಕ್ಕಿಂತ ಮುಖ್ಯ, ‘ದುಡ್ಡು ದಂಡ’ ಅಂದವರೇ ಆ ಜಾಗದ ಬಗ್ಗೆ ಮಾತಾಡಿ ಅದರ ಪಾಲುದಾರರಾಗುತ್ತಾರೆ.

ಹಾಗೆ ಸಿಕ್ಕಿದ್ದರಲ್ಲಿ ಒಂದನ್ನು ಮತ್ತೆ ಶುರು ಮಾಡಿ. ದೊಡ್ಡ ಕಾರ್ಯಕ್ರಮ ಬೇಡ. ವೇದಿಕೆ, ಶಾಲು, ಮುಖ್ಯ ಅತಿಥಿ ಯಾವುದೂ ಬೇಡ. ಹದಿನೈದು ದಿನಕ್ಕೊಮ್ಮೆ ಭಾನುವಾರ ಸಂಜೆ, ಒಂದು ಚಾಪೆ, ಒಂದು ದೀಪ, ಒಂದು ತಾಸು. ಹಾಡಿಗೆ ನಮ್ಮ ಸೀಮೆಯಲ್ಲಿ ಬರ ಇಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರು ಕಲಬುರಗಿ, ಯಾದಗಿರಿ ಹಳ್ಳಿಗಳಲ್ಲಿ ಇವತ್ತಿಗೂ ಇದ್ದಾರೆ. ಅವರ ಶಿಷ್ಯ ಪರಂಪರೆಯಲ್ಲೇ ಚನ್ನೂರು ಜಲಾಲ ಸಾಹೇಬರೂ ಇದ್ದರು, ಖೈನೂರು ಕೃಷ್ಣಪ್ಪನವರೂ ಇದ್ದರು. ಒಂದೇ ಏಕತಾರಿಗೆ ಎಲ್ಲ ಮನೆಯವರೂ ಕೂರುವ ಪದಗಳು ಅವು. ಮೊಹರಂನ ರಿವಾಯತ್ ಪದಗಳನ್ನು ಕನ್ನಡದಲ್ಲೇ ಹಾಡುವ ಹಿರಿಯರು ನಿಮ್ಮ ಓಣಿಯಲ್ಲೇ ಇರಬಹುದು. ದಖನಿ ಉರ್ದುವಿನಲ್ಲಿ ಶಾಯರಿ ಹೇಳುವ ಚಾಚಾ, ಲಂಬಾಣಿ ಹಾಡು ಬರುವ ಕಟ್ಟಡ ಕೆಲಸದ ಅಕ್ಕ, ಇವರನ್ನು ಕರೆಯಿರಿ. ಕಲಬುರಗಿಯಲ್ಲಿ ರಂಗಾಯಣ ಇದೆ. ಬೀದಿನಾಟಕ ಆಡುವ ಉತ್ಸಾಹಿಗಳು ಅಲ್ಲಿ ಪರಿಚಯ ಆಗುತ್ತಾರೆ.

ಹಾಡು ಕುಣಿತವೇ ಆಗಬೇಕೆಂದೇನೂ ಇಲ್ಲ. ನನಗೆ ತುಂಬಾ ಹಿಡಿಸಿದ್ದು ಕೌದಿ (ಹಳೆ ಬಟ್ಟೆಯ ಹೊದಿಕೆ) ಹೊಲಿಯುವುದು. ಹಳೆ ಸೀರೆ, ಧೋತರ ಪದರ ಪದರ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಜನ ಕೂತರೆ ಅದೇ ಒಂದು ಸಭೆ. ಅಂಚಿನಿಂದ ಶುರುವಾದ ಓಡು ಹೊಲಿಗೆ ಸುತ್ತುತ್ತಾ ನಡುವಿಗೆ ಬರುತ್ತದೆ. ಮೂಲೆಗೆ ಬಣ್ಣದ ತ್ರಿಕೋನ ತುಂಡುಗಳನ್ನು ಇಟ್ಟು ಹೊಲಿಯುತ್ತಾರೆ. ಇಬ್ಬರು ಅಜ್ಜಿಯರು ‘ಮೊದಲು ಈ ತುಂಡು, ಅಲ್ಲ ಆ ತುಂಡು’ ಅಂತ ವಾದ ಮಾಡುವಾಗ ಸುತ್ತ ಹತ್ತು ಮಕ್ಕಳು ನಿಂತಿರುತ್ತಾರೆ. ಮಧ್ಯಾಹ್ನದ ಎರಡು ತಾಸು ಹೆಣ್ಣುಮಕ್ಕಳು ನೆರಳಿಗೆ ಬಂದು ಕೂರುವ ಜಾಗದಲ್ಲಿ ಕಸ ಎಸೆಯಲು ಯಾರಿಗೂ ಕೈ ಬರುವುದಿಲ್ಲ.

ಈಗ ಕಸದ ಮಾತು. ಯಾರು, ಯಾವಾಗ, ಯಾಕೆ ಎಸೆಯುತ್ತಾರೆ ಅಂತ ಒಂದು ವಾರ ಸುಮ್ನೆ ನೋಡಿ. ಸಾಮಾನ್ಯವಾಗಿ ಕಸದ ಗಾಡಿ ಬರುವ ಹೊತ್ತಿಗೆ ಮನೆಯಲ್ಲಿ ಇಲ್ಲದವರು, ಬಾಡಿಗೆ ರೂಮಿನ ಹುಡುಗರು, ಸಂಜೆ ಅಂಗಡಿ ಮುಚ್ಚುವ ಚಹಾ, ಮಿರ್ಚಿ ಭಜಿ ಬಂಡಿಯವರು ಸಿಗುತ್ತಾರೆ. ಅವರಿಗೆ ಬೈದರೆ ರಾತ್ರಿ ಹನ್ನೊಂದಕ್ಕೆ ಬಂದು ಎಸೆಯುತ್ತಾರೆ. ಗಾಡಿಯ ಹೊತ್ತು ಬದಲಿಸಲು ವಾರ್ಡಿನ ಆರೋಗ್ಯ ನಿರೀಕ್ಷಕರ ಹತ್ತಿರ, ಪೌರಕಾರ್ಮಿಕರ ಹತ್ತಿರ ಮಾತಾಡಿ. ಬಂಡಿಯವರಿಗೆ ಒಂದು ಡ್ರಮ್ ಕೊಡಿಸಿ. ಜಾಗ ಗುಡಿಸಿದ ದಿನವೇ ಅಲ್ಲಿ ಕೂರಲು ಏನಾದರೂ ಇಡಿ, ಎರಡು ಫರ್ಸಿ ಕಲ್ಲು (ಚಪ್ಪಟೆ ಹಾಸುಗಲ್ಲು) ಸಾಕು. ಗುಡಿಸಿ ಖಾಲಿ ಬಿಟ್ಟರೆ ಮಾರನೇ ಬೆಳಿಗ್ಗೆಯೇ ಮೊದಲ ಚೀಲ ಬಂದು ಬಿದ್ದಿರುತ್ತದೆ.

ಬಾವಿಯ ಬಗ್ಗೆ ಗಟ್ಟಿಯಾಗಿ ಹೇಳಬೇಕು: ನೀವು ಯಾರೂ ಒಳಗೆ ಇಳಿಯಬೇಡಿ. ವರ್ಷಗಟ್ಟಲೆ ಕಸ ಕೊಳೆತ ಬಾವಿಯ ತಳದಲ್ಲಿ ಉಸಿರಾಡುವ ಗಾಳಿಯೇ ಇರುವುದಿಲ್ಲ, ವಿಷಗಾಳಿ ಕೂತಿರಬಹುದು. ಮೂಗಿಗೆ ವಾಸನೆಯೂ ಬರದೆ ಮನುಷ್ಯ ಕುಸಿದು ಬೀಳುತ್ತಾನೆ. ಎತ್ತಲು ಇಳಿದವನೂ ಬೀಳುತ್ತಾನೆ. ಹೂಳೆತ್ತುವುದನ್ನು ಪಾಲಿಕೆಗೆ ಅರ್ಜಿ ಕೊಟ್ಟು, ಗಾಳಿ ಹಾಯಿಸುವ ವ್ಯವಸ್ಥೆ ಮತ್ತು ಯಂತ್ರ ಇರುವವರಿಂದಲೇ ಮಾಡಿಸಿ. ಅಲ್ಲಿಯ ತನಕ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿ. ಬಾವಿಗೆ ಮತ್ತೆ ಜೀವ ಬರುವುದು ಕನಸೇನಲ್ಲ. 2016ರ ಬರದಲ್ಲಿ ಬೀದರ್ ಜಿಲ್ಲಾಡಳಿತ ನೂರಕ್ಕೂ ಹೆಚ್ಚು ಹಳೆಯ ತೆರೆದ ಬಾವಿಗಳನ್ನು ಶುಚಿ ಮಾಡಿಸಿತು. ಬಹಮನಿ ಕಾಲದಲ್ಲಿ ನೆಲದ ಅಡಿ ಸುರಂಗ ಕೊರೆದು ಊರಿಗೆ ನೀರು ತಂದ ನೌಬಾದಿನ ಕರೇಜ್ ಕೂಡ ಹೂಳು ತುಂಬಿ ಮರೆತೇ ಹೋಗಿತ್ತು. ಅದನ್ನೂ ಶುಚಿ ಮಾಡಿದ ಮೇಲೆ ಜನ ಹುಡುಕಿಕೊಂಡು ನೋಡಲು ಬಂದರು. ಒಮ್ಮೆ ಬೀದರಿಗೆ ಹೋಗಿ ನೋಡಿ ಬನ್ನಿ.

ಇನ್ನು ಅನುಮತಿ. ಬೇಕು, ಅದೂ ಬರಹದಲ್ಲಿ. ಮೊದಲು ಜಾಗ ಯಾರದು ಅಂತ ತಿಳಿಯಿರಿ. ಹಳೆ ಊರಿನ ಜಾಗಗಳಿಗೆ ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರ್ ಇರುತ್ತದೆ, ಸಿಟಿ ಸರ್ವೆ ಕಚೇರಿಯಲ್ಲಿ ದಾಖಲೆ ಸಿಗುತ್ತದೆ. ಪಾಲಿಕೆಯದಾ, ಖಾಸಗಿಯಾ, ವಕ್ಫ್ ಅಥವಾ ಮಠದ ಆಸ್ತಿಯಾ, ನೋಡಿ. ಜಾಗ ಒಬ್ಬರದು, ಗೋಡೆ ಇನ್ನೊಬ್ಬರದು ಆಗಿರುವುದೂ ಉಂಟು. ಹಾಗಿದ್ದರೆ ಇಬ್ಬರ ಒಪ್ಪಿಗೆಯೂ ಬೇಕು. ಕರ್ನಾಟಕದಲ್ಲಿ ತೆರೆದ ಸ್ಥಳಗಳನ್ನು ವಿರೂಪ ಮಾಡುವುದನ್ನು ತಡೆಯಲು 1981ರ ಕಾಯ್ದೆ ಇದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಜನರ ಕಣ್ಣಿಗೆ ಬೀಳುವ ಗೋಡೆಯ ಮೇಲೆ ಬರೆದರೆ, ಅಂಟಿಸಿದರೆ 6 ತಿಂಗಳ ತನಕ ಜೈಲು ಅಥವಾ 1,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ ಅಂತ ಅದು ಹೇಳುತ್ತದೆ. ಈ ಕಾಯ್ದೆ ನಿಮಗೆ ಅಡ್ಡಿ ಅಂದುಕೊಳ್ಳಬೇಡಿ. ನಿಮ್ಮ ಕೈಯಲ್ಲಿ ಅನುಮತಿ ಪತ್ರ ಇದ್ದರೆ, ನಾಳೆ ನಿಮ್ಮ ಚಿತ್ರದ ಮೇಲೆ ಪೋಸ್ಟರ್ ಅಂಟಿಸಿದವರ ಮೇಲೆ ದೂರು ಕೊಡಲು ಇದೇ ಕಾಯ್ದೆ ಆಸರೆ.

ಇನ್ನೊಂದು ವಿಷಯ ಕಲಬುರಗಿ, ಬೀದರ್‌ನವರಿಗೆ ತುಂಬಾ ಮುಖ್ಯ. ನಮ್ಮಲ್ಲಿ ಹತ್ತು ಹೆಜ್ಜೆಗೆ ಒಂದು ಗುಮ್ಮಟ, ಒಂದು ಕೋಟೆ ಗೋಡೆ. ಹಳೆಯದು ಅನ್ನಿಸಿದ ಯಾವ ಗೋಡೆಗೂ ಬಣ್ಣ ಮುಟ್ಟಿಸಬೇಡಿ. ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸುವ ಸ್ಮಾರಕವನ್ನು ಕೆಡಿಸಿದರೆ 2 ವರ್ಷದ ತನಕ ಜೈಲು ಅಥವಾ 1 ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ ಇದೆ. ಅಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟೆ, ವೇದಿಕೆ ಏನೂ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ತನಕ ಕಟ್ಟಲು ಅನುಮತಿ ಬೇಕು. ಕಾನೂನಿನ ಮಾತು ಬಿಡಿ, ಸುಣ್ಣದ ಗಾರೆಯ ಹಳೆ ಗೋಡೆ ಉಸಿರಾಡುತ್ತದೆ. ಅದಕ್ಕೆ ಈಗಿನ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು ಗಾರೆಯೇ ಉದುರುತ್ತದೆ. ನಿಮ್ಮ ಬಾವಿ ಕಟ್ಟೆ ಸುಣ್ಣದ ಗಾರೆಯದ್ದಾಗಿದ್ದರೆ ಅದಕ್ಕೆ ಸುಣ್ಣವೇ ಸರಿ, ಸಿಮೆಂಟೂ ಬೇಡ.

ಪಕ್ಕದ ಬಡಾವಣೆಯ ಚಿತ್ರ ಒಂದೇ ಮಳೆಗಾಲಕ್ಕೆ ಹೋಯಿತು ಅಂದಿರಲ್ಲ, ಕಾರಣ ಹೆಚ್ಚಾಗಿ ಬಣ್ಣದಲ್ಲಿ ಇರುವುದಿಲ್ಲ, ಗೋಡೆಯಲ್ಲಿ ಇರುತ್ತದೆ. ನಮ್ಮದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಮೇಲಿನ ಕಾಂಪೌಂಡ್ ಸೀಳು ಬಿಡುತ್ತದೆ. ಸೀಳಿಗೆ ನೀರು ಇಳಿದರೆ ಬಣ್ಣ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಆದ್ದರಿಂದ ಮೊದಲ ಖರ್ಚು ಗೋಡೆಯ ನೆತ್ತಿಗೆ. ಮೇಲಿನಿಂದ ನೀರು ಇಳಿಯದ ಹಾಗೆ ಫರ್ಸಿ ಕಲ್ಲು ಇಳಿಜಾರಾಗಿ ಹೊದಿಸಿ. ಬುಡದಲ್ಲಿ ಬಿಳಿ ಉಪ್ಪು ಬಿಟ್ಟಿದ್ದರೆ ಒಣ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಉಪ್ಪು ಬರುವ ಆ ಒಂದೆರಡು ಅಡಿಯಲ್ಲಿ ಚಿತ್ರವೇ ಬೇಡ. ಹೊಸ ಗಿಲಾವು ಮಾಡಿಸಿದರೆ 28 ದಿನ ಒಣಗಲು ಬಿಡಿ. ಆಮೇಲೆ ಹೊರಗೋಡೆಯ ಪ್ರೈಮರ್ ಒಂದು ಕೋಟ್, ಹೊರಗೋಡೆಯ ಎಮಲ್ಷನ್ ಎರಡು ಕೋಟ್. ಡಿಸ್ಟೆಂಪರ್ ಅಗ್ಗ ಅಂತ ತರಬೇಡಿ, ಅದು ಮಳೆಗೆ ನಿಲ್ಲಲ್ಲ. ಲೆಕ್ಕ ಬೇಕಿದ್ದರೆ, ಒಂದು ಲೀಟರ್ ಎಮಲ್ಷನ್ ಎರಡು ಕೋಟ್‌ ಬಳಿಯಲು ಸುಮಾರು 50 ಚದರ ಅಡಿ ಬರುತ್ತದೆ. 40 ಅಡಿ ಉದ್ದ, 8 ಅಡಿ ಎತ್ತರದ ಗೋಡೆಗೆ ಹಿನ್ನೆಲೆ ಬಣ್ಣವೇ ಆರೇಳು ಲೀಟರ್ ಬೇಕು.

ಬಣ್ಣಗಳಲ್ಲೂ ಬಿಸಿಲು ತಡೆಯುವವು ಬೇರೆ, ತಡೆಯದವು ಬೇರೆ. ಪಡುವಣ ಬಿಸಿಲು ಬೀಳುವ ಗೋಡೆಯಲ್ಲಿ ಗುಲಾಬಿ, ನೇರಳೆ, ಕಣ್ಣು ಕುಕ್ಕುವ ಹಳದಿ ಬೇಗ ಬಿಳಿಚಿಕೊಳ್ಳುತ್ತವೆ. ಕೆಮ್ಮಣ್ಣು, ಹಳದಿ ಮಣ್ಣು, ಕಪ್ಪು, ಬಿಳಿ, ಅಂದರೆ ಆಕ್ಸೈಡ್ ಬಣ್ಣಗಳು ವರ್ಷಗಟ್ಟಲೆ ಹಾಗೇ ಇರುತ್ತವೆ. ಕಡಿಮೆ ಬಣ್ಣಗಳಲ್ಲಿ ಎಷ್ಟು ಸೊಗಸು ಬರುತ್ತದೆ ಅನ್ನುವುದಕ್ಕೆ 1472ರಲ್ಲಿ ಕಟ್ಟಿದ ಬೀದರ್‌ನ ಮಹಮೂದ್ ಗವಾನ್ ಮದ್ರಸಾ ನೋಡಿ. ಗೋಡೆಯಲ್ಲಿ ಉಳಿದಿರುವ ಹೊಳಪು ಹೆಂಚಿನ (ಟೈಲ್ಸ್) ಕೆಲಸದಲ್ಲಿ ಕೆಲವೇ ಬಣ್ಣ, ಆದರೂ ಕಣ್ಣು ಕೀಳಲು ಆಗಲ್ಲ. ಬುಡದ ಮೂರಡಿಗೆ ಗಾಢ ಕೆಂಪು ಮಣ್ಣಿನ ಬಣ್ಣದ ಪಟ್ಟಿ ಬಳಿಯಿರಿ. ಬೆಂಗಳೂರಿನ ‘ದಿ ಅಗ್ಲಿ ಇಂಡಿಯನ್’ ತಂಡದವರು ಬೀದಿ ಬೀದಿಯಲ್ಲಿ ಮಾಡಿ ತೋರಿಸಿದ ಉಪಾಯ ಇದು. ಎಲೆ ಅಡಿಕೆ ಕಲೆ ಅದರಲ್ಲಿ ಕಾಣಲ್ಲ, ಧೂಳೂ ಎದ್ದು ಕಾಣಲ್ಲ. ಕಲೆಯೇ ಕಾಣದ ಗೋಡೆಗೆ ಎರಡನೆಯವನು ಉಗುಳುವುದು ಕಡಿಮೆ.

ಶಹಾಬಾದ್ ಕಲ್ಲಿನಲ್ಲೇ ಕಟ್ಟಿದ ಗೋಡೆಯಾಗಿದ್ದರೆ ಬಣ್ಣದ ಆಸೆ ಬಿಡಿ. ಆ ನುಣುಪು ಕಲ್ಲಿಗೆ ಬಣ್ಣ ಹಿಡಿಯಲ್ಲ, ಹಿಡಿದರೂ ಕಲ್ಲಿನ ಚೆಲುವು ಹೋಗುತ್ತದೆ. ಅದಕ್ಕೆ ಉಳಿಯೇ ಸರಿ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರ ಕನಗನಹಳ್ಳಿಯ ಸ್ತೂಪದ ಚಪ್ಪಡಿಗಳನ್ನು ನೋಡಿದ್ದೀರಾ? ನಮ್ಮ ಸೀಮೆಯ ಸುಣ್ಣಗಲ್ಲೇ ಅದು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಅದರ ಮೇಲೆ ಅಶೋಕನ ರೂಪ ಕೆತ್ತಿ, ಹೆಸರನ್ನೂ ಬರೆದಿದ್ದಾರೆ. ಇವತ್ತಿಗೂ ಓದಬಹುದು. ಕಲಬುರಗಿಯಲ್ಲಿ ಮನೆ ಮುಂದಿನ ಹೆಸರಿನ ಕಲ್ಲು, ಗೋರಿ ಕಲ್ಲು ಕೆತ್ತುವವರು ಇದ್ದಾರೆ. ನಿಮ್ಮ ರೆಕಾರ್ಡಿಂಗಿನಿಂದ ಹತ್ತು ಮಾತು ಆರಿಸಿ. ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಹೇಳಿದ್ದನ್ನು ಉರ್ದುವಿನಲ್ಲಿ ಫರ್ಸಿಯ ಮೇಲೆ ಕೆತ್ತಿಸಿ ಬಾವಿಯ ಸುತ್ತ ಹಾಸಿ. ಮಳೆಗೂ ಬಿಸಿಲಿಗೂ ಅದು ಹೆದರಲ್ಲ.

ಕೈ ಹಿಡಿದು ಕಲಿಸಲು ದೂರದಿಂದ ಯಾರನ್ನೋ ಕರೆಸಬೇಕಾಗಿಲ್ಲ. ನಿಮ್ಮ ಊರಿನ ಬೋರ್ಡ್ ಬರೆಯುವ ಪೇಂಟರ್‌ಗಳನ್ನು ಹುಡುಕಿ. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ಬಹಳ ಕಡಿಮೆ ಆಗಿದೆ. ದಾರಕ್ಕೆ ಬಣ್ಣ ಹಚ್ಚಿ ಗೋಡೆಗೆ ಎಳೆದು ಬಿಟ್ಟು ಒಂದೇ ಏಟಿಗೆ ನಲವತ್ತು ಅಡಿ ನೆಟ್ಟನೆ ಗೆರೆ ಮೂಡಿಸುವ ಕೈ ಅವರದು. ಯಾವ ಗೋಡೆ ಬಣ್ಣ ಹಿಡಿಯುತ್ತದೆ ಅಂತ ಬೆರಳಲ್ಲಿ ಮುಟ್ಟಿ ಹೇಳುತ್ತಾರೆ. ಅವರಿಗೆ ದಿನದ ಕೂಲಿ ಕೊಟ್ಟೇ ಕರೆಯಿರಿ, ‘ಸೇವೆ’ ಅಂತ ಪುಕ್ಕಟೆ ಕೇಳಬೇಡಿ. ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಚಿತ್ರಗಳಿಂದ ದೇಶದ ಮನೆಮನೆಗೆ ತಲುಪಿದ ಎಸ್.ಎಂ. ಪಂಡಿತರು 1916ರಲ್ಲಿ ಹುಟ್ಟಿದ ಊರು ನಿಮ್ಮದು. ಅವರ ಹೆಸರಿನ ರಂಗಮಂದಿರದಲ್ಲಿ ಕಾರ್ಯಕ್ರಮ ನೋಡಿರುತ್ತೀರಿ. ಬೀದಿಗೆ, ಬಜಾರಿಗೆ ಚಿತ್ರ ಬರೆಯುವುದು ಇಲ್ಲಿ ಹೊಸದೇನೂ ಅಲ್ಲ.

ಏನು ಬರೆಯಬೇಕು ಅನ್ನುವುದರಲ್ಲಿ ನನ್ನದು ಸ್ವಲ್ಪ ಹಟ. ಫೋನಿನಲ್ಲಿ ಹುಡುಕಿದರೆ ಸಿಗುವ ರೆಕ್ಕೆ, ನವಿಲು, ‘ಐ ಲವ್’ ಅಕ್ಷರ ಬೇಡ. ಅವು ಯಾವ ಊರಿನ ಗೋಡೆಯಲ್ಲೂ ಇರಬಹುದು. ನಿಮ್ಮ ಬಾವಿಯಿಂದ ನೀರು ಹೊತ್ತವರ ಮುಖ ಬರೆಯಿರಿ, ಅವರನ್ನು ಕೇಳಿ, ಒಪ್ಪಿದರೆ ಮಾತ್ರ. ಕೌದಿಯ ತ್ರಿಕೋನಗಳನ್ನೇ ಗೋಡೆ ತುಂಬ ಬರೆದರೂ ಸೊಗಸು, ಚಿತ್ರ ಬಾರದ ಮಕ್ಕಳೂ ಅದರಲ್ಲಿ ಬಣ್ಣ ತುಂಬಬಹುದು. ಸುರಪುರದ ಹಳೆಯ ಚಿತ್ರಗಳ ಸಣ್ಣ ಕುಸುರಿ ಅಂಚುಗಳನ್ನು, ಬಿದರಿ ಹೂಬಳ್ಳಿಯನ್ನು ನೋಡಿ ಕಲಿಯಿರಿ. ಬಿದರಿಯಂತೆ ಕಪ್ಪಿನ ಮೇಲೆ ಬಿಳಿ ಗೆರೆ ಹಾಕಿದರೆ ಎರಡೇ ಬಣ್ಣದಲ್ಲಿ ಇಡೀ ಗೋಡೆ ಮುಗಿಯುತ್ತದೆ. ಉಚ್ಚೆ ಹೊಯ್ಯುವುದನ್ನು ತಡೆಯಲು ದೇವರ ಚಿತ್ರದ ಟೈಲ್ಸ್ ಅಂಟಿಸುವುದು ಮಾತ್ರ ಬೇಡವೇ ಬೇಡ. ಅದು ದೇವರಿಗೂ ಗೌರವ ಅಲ್ಲ, ನಾಳೆ ಓಣಿಯಲ್ಲಿ ಜಗಳಕ್ಕೆ ಅದೇ ದಾರಿ. ಸಾರ್ವಜನಿಕ ಶೌಚಾಲಯ ಎಷ್ಟು ದೂರ ಇದೆ ನೋಡಿ, ಇಲ್ಲದಿದ್ದರೆ ಅದಕ್ಕೂ ಅರ್ಜಿ ಹಾಕಿ.

ಕೆಲವೊಮ್ಮೆ ಕಲೆ ಚೆಂದ ಮಾಡುವುದಕ್ಕಷ್ಟೇ ಅಲ್ಲ, ಕೆಲಸ ಮಾಡಿಸುವುದಕ್ಕೂ ಬರುತ್ತದೆ. ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ರಸ್ತೆ ಗುಂಡಿಯೊಂದರಲ್ಲಿ ಮೊಸಳೆಯ ಪ್ರತಿಕೃತಿ ತಂದು ಕೂರಿಸಿದರು. ಊರೆಲ್ಲ ನೋಡಿತು, ಗುಂಡಿ ಮುಚ್ಚಿಸಿದರು. ನಿಮ್ಮ ಅರ್ಜಿಗೆ ಉತ್ತರ ಬರದಿದ್ದರೆ ಇಂಥ ದಾರಿಯೂ ಇದೆ ಅಂತ ನೆನಪಿರಲಿ, ಯಾರಿಗೂ ಅವಮಾನ ಆಗದ ಹಾಗೆ.

ದೀಪದ ವಿಷಯ ಹುಡುಗರು ಮರೆಯುತ್ತಾರೆ. ನಿಮ್ಮ ಗುಂಪಿನ ಹುಡುಗಿಯರನ್ನೇ ಕೇಳಿ, ಸಂಜೆ ಏಳರ ಮೇಲೆ ಅಲ್ಲಿ ಕೂರಲು ಧೈರ್ಯ ಬರುತ್ತದಾ ಅಂತ. ಇಲ್ಲ ಅಂದರೆ ಗೋಡೆ ಚಿತ್ರದ ದುಡ್ಡಿನಲ್ಲಿ ಅರ್ಧ ದೀಪಕ್ಕೆ ಹೋಗಲಿ. ಗೋಡೆಗೆ ಬೆಳಕು ಬೀಳುವುದಲ್ಲ ಮುಖ್ಯ, ಕೂತವರ ಮುಖ ಕಾಣಬೇಕು. ನಡೆದು ಬರುವ ದಾರಿಯಲ್ಲೂ ಕತ್ತಲು ಇರಬಾರದು. ಧ್ವನಿವರ್ಧಕ ಹಾಕುವುದಾದರೆ ಪೊಲೀಸ್ ಅನುಮತಿ ಬೇಕು, ರಾತ್ರಿ 10ರ ಮೇಲೆ ಹಾಕುವಂತಿಲ್ಲ. ಆದರೆ ಭಾನುವಾರ ಓಣಿಯವರು ಕೂರುವ ಬೈಠಕ್ಕಿಗೆ ಮೈಕ್ ಯಾಕೆ ಬೇಕು ಹೇಳಿ. ಓದುವ ಮಕ್ಕಳು, ಹುಷಾರಿಲ್ಲದ ಹಿರಿಯರು ಪಕ್ಕದ ಮನೆಯಲ್ಲೇ ಇರುತ್ತಾರೆ ಅಲ್ವಾ?

ದುಡ್ಡನ್ನು ಓಣಿಯಿಂದಲೇ ಸೇರಿಸಿ, ಮನೆಗೆ ಐವತ್ತು, ನೂರು. ಒಬ್ಬ ದೊಡ್ಡ ದಾನಿ ಕೊಟ್ಟರೆ ಗೋಡೆ ಮೇಲೆ ಅವರ ಫೋಟೋ ಬರುತ್ತದೆ, ಚುನಾವಣೆ ಹೊತ್ತಿಗೆ ಅದೇ ತಲೆನೋವು. ಲೆಕ್ಕವನ್ನು ಚಹಾ ಅಂಗಡಿ ಬೋರ್ಡಿನಲ್ಲಿ ಬರೆದು ಹಾಕಿ. ಉಳಿದ ದುಡ್ಡನ್ನು ಖರ್ಚು ಮಾಡಬೇಡಿ, ಮುಂದಿನ ವರ್ಷದ ತೇಪೆಗೆ ಬೇಕಾಗುತ್ತದೆ. ಪ್ರತಿ ಬಣ್ಣದ ಅರ್ಧ ಲೀಟರ್ ಗಟ್ಟಿ ಮುಚ್ಚಳ ಹಾಕಿ ನೆರಳಲ್ಲಿ ಇಟ್ಟುಕೊಳ್ಳಿ, ಡಬ್ಬಿ ಮೇಲೆ ಶೇಡ್ ನಂಬರ್ ಬರೆಯಿರಿ. ಪೋಸ್ಟರ್ ಬಿದ್ದ ಎರಡೇ ದಿನದೊಳಗೆ ಕಿತ್ತು ತೇಪೆ ಹಾಕಬೇಕು. ಒಂದು ಉಳಿದರೆ ಹತ್ತು ಬರುತ್ತವೆ.

ಕೆಲಸಕ್ಕೆ ಮಳೆ ಮುಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ಜನವರಿ ತನಕ ಹೊತ್ತು ಒಳ್ಳೆಯದು. ಏಪ್ರಿಲ್, ಮೇ ಬಿಸಿಲಿಗೆ ಬಣ್ಣ ಬ್ರಷ್ಷಿನಲ್ಲೇ ಒಣಗುತ್ತದೆ, ನಿಮಗೂ ಬಿಸಿಲು ಬಡಿಯುತ್ತದೆ. ಅರ್ಜಿ, ಸಿಟಿ ಸರ್ವೆ, ಅಜ್ಜ ಅಜ್ಜಿಯರ ಮಾತು, ಭಾನುವಾರದ ಬೈಠಕ್ ಇವಕ್ಕೆ ಮಳೆಗಾಲ ಅಡ್ಡಿ ಆಗಲ್ಲ, ಇವತ್ತೇ ಶುರು ಮಾಡಬಹುದು. ನಾಲ್ಕೈದು ಬೈಠಕ್ ಆದ ಮೇಲೂ ಜನ ಬರುತ್ತಿದ್ದರೆ ಆಗ ಗೋಡೆಯ ಅಳತೆ ತೆಗೆದುಕೊಂಡು, ಹತ್ತಿರದಿಂದ ಒಂದು ಫೋಟೋ, ಬುಡದ್ದು ಒಂದು ಫೋಟೋ ಸೇರಿಸಿ ಮತ್ತೆ ಬರೆಯಿರಿ. ಯಾವ ಪ್ರೈಮರ್, ಎಷ್ಟು ಲೀಟರ್ ಅನ್ನುವುದನ್ನು ಆ ಗೋಡೆ ನೋಡಿಯೇ ಹೇಳುತ್ತೇನೆ.